ಆಳದಲ್ಲಿ ಹೂತ ವಸ್ತು ಹುಡುಕಲು ಮೆಟಲ್ ಡಿಟೆಕ್ಟರ್ ಫ್ರೀಕ್ವೆನ್ಸಿ ಆರಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮೆಟಲ್ ಡಿಟೆಕ್ಟರ್ ಕೈಗೆ ಬಂದ ಹೊಸತರಲ್ಲಿ ಎಲ್ಲರ ಕಿವಿಗೂ ಒಂದು ಮಾತು ಬೀಳುತ್ತದೆ. "ಫ್ರೀಕ್ವೆನ್ಸಿ ಕಡಿಮೆ ಇಟ್ಟರೆ ಆಳಕ್ಕೆ ಇಳಿಯುತ್ತೆ, ಜಾಸ್ತಿ ಇಟ್ಟರೆ ಮೇಲೇ ನಿಲ್ಲುತ್ತೆ." ಇದು ಅರ್ಧ ಮಾತ್ರ ನಿಜ. ಆ ಅರ್ಧ ಮಾತನ್ನೇ ನಂಬಿ ನಾನು ಬಹಳ ದಿನ 5 ಕಿಲೋಹರ್ಟ್ಸ್ ಬಿಟ್ಟು ಕದಲಲಿಲ್ಲ. ಅಗೆದಿದ್ದು ಬಹಳ, ಸಿಕ್ಕಿದ್ದು ಕಡಿಮೆ. ಮಶೀನ್ ಚೆನ್ನಾಗಿಯೇ ಇತ್ತು, ಆರಿಸುವ ರೀತಿ ತಪ್ಪಿತ್ತು.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಫ್ರೀಕ್ವೆನ್ಸಿಯನ್ನು ಆಳ ನೋಡಿ ಆರಿಸಬೇಡಿ. ಹುಡುಕುವ ವಸ್ತು ಯಾವುದು, ಮಣ್ಣು ಎಂಥದ್ದು, ಸುತ್ತಮುತ್ತ ವಿದ್ಯುತ್ ಗದ್ದಲ ಎಷ್ಟಿದೆ ಎಂದು ನೋಡಿ ಆರಿಸಿ. ಆಳ ಸಿಗುವುದು ಹೆಚ್ಚಾಗಿ ಕಾಯಿಲ್ (ನೆಲದ ಮೇಲೆ ಆಡಿಸುವ ತಂತಿ ಸುರುಳಿಯ ತಟ್ಟೆ) ಗಾತ್ರದಿಂದ ಮತ್ತು ಮಶೀನನ್ನು ಎಷ್ಟು ಶಾಂತವಾಗಿ ಓಡಿಸುತ್ತೀರಿ ಎನ್ನುವುದರಿಂದ.

ಮೊದಲು, ಒಳಗೆ ಏನಾಗುತ್ತಿದೆ?

ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಹೀಗೆ ಹೋಗಿ ಬರುವ ಪೂರ್ತಿ ಸುತ್ತುಗಳ ಎಣಿಕೆಯೇ ಫ್ರೀಕ್ವೆನ್ಸಿ. 5 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 5,000 ಸುತ್ತು. ಇದರಿಂದ ಹುಟ್ಟುವ ಕಾಂತಕ್ಷೇತ್ರ ಮಣ್ಣಿಗೆ ಇಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಅದರ ಮೈಯಲ್ಲಿ ಸುಳಿ ಸುಳಿಯಾಗಿ ಕರೆಂಟ್ ಏಳುತ್ತದೆ. ಆ ಸುಳಿ ಕರೆಂಟ್ ತನ್ನದೇ ಪುಟ್ಟ ಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಡಿಟೆಕ್ಟರ್ ಕೇಳಿಸಿಕೊಳ್ಳುವುದು ಅದನ್ನೇ.

ಹಾಗಾದರೆ ಜಾಸ್ತಿ ಫ್ರೀಕ್ವೆನ್ಸಿಯನ್ನು ಮಣ್ಣು ನುಂಗಿಬಿಡುತ್ತದೆಯೇ? ಸಾಧಾರಣ ಮಣ್ಣಿನಲ್ಲಿ 10 ಕಿಲೋಹರ್ಟ್ಸ್ ಕ್ಷೇತ್ರ ಮಣ್ಣಿನ ಕಾರಣಕ್ಕೇ ಮಂಕಾಗಲು ಹತ್ತಾರು ಮೀಟರ್ ಬೇಕು. ನಾವು ಹುಡುಕುವುದು ಹೆಚ್ಚೆಂದರೆ ಒಂದೆರಡು ಮೀಟರ್ ಒಳಗೆ. ಅಂದರೆ ಮಣ್ಣು ನುಂಗುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಸಮುದ್ರದ ನೀರು ಮಾತ್ರ ಬೇರೆ. ಅಲ್ಲಿ 10 ಕಿಲೋಹರ್ಟ್ಸ್‌ಗೆ ಆ ಲೆಕ್ಕ ಸುಮಾರು ಎರಡೂ ಕಾಲು ಮೀಟರ್‌ಗೆ ಇಳಿಯುತ್ತದೆ.

ನಿಜವಾದ ಶತ್ರು ದೂರ. ಕಾಯಿಲ್‌ನಿಂದ ಸ್ವಲ್ಪ ದೂರ ಹೋದ ಮೇಲೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ವಾಪಸ್ ಬರುವಾಗಲೂ ಅಷ್ಟೇ ಕುಗ್ಗುತ್ತದೆ. ಎರಡೂ ಸೇರಿದರೆ ಆಳ ಎರಡು ಪಟ್ಟಾದಾಗ ಸಣ್ಣ ವಸ್ತುವಿನ ಸಿಗ್ನಲ್ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 20 ಸೆಂಟಿಮೀಟರ್‌ನಲ್ಲಿ ಜೋರಾಗಿ ಕೂಗಿದ ನಾಣ್ಯ 40ರಲ್ಲಿ ಪಿಸುಗುಡುವುದೂ ಇಲ್ಲ. ಯಾವ ಫ್ರೀಕ್ವೆನ್ಸಿ ಬಟನ್ ಒತ್ತಿದರೂ ಈ 64ರ ಲೆಕ್ಕ ಬದಲಾಗಲ್ಲ.

ಮತ್ತೆ ಫ್ರೀಕ್ವೆನ್ಸಿಯಿಂದ ಬದಲಾಗುವುದು ಏನು? ವಸ್ತು ಎಷ್ಟು ಚೆನ್ನಾಗಿ ಉತ್ತರ ಕೊಡುತ್ತದೆ ಎನ್ನುವುದು. ಒಲೆಯ ಮೇಲೆ ದಪ್ಪ ತಳದ ಪಾತ್ರೆ ಇಡಿ. ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ತೆಳ್ಳಗಿನ ತಗಡು ಕ್ಷಣದಲ್ಲಿ ಕಾದು ಕ್ಷಣದಲ್ಲಿ ಆರುತ್ತದೆ. ಸುಳಿ ಕರೆಂಟ್ ಕೂಡ ಹೀಗೇ. ದಪ್ಪ ತಾಮ್ರದಲ್ಲಿ, ಬೆಳ್ಳಿ ಗಟ್ಟಿಯಲ್ಲಿ ಅದು ನಿಧಾನವಾಗಿ ಎದ್ದು ಬಹಳ ಹೊತ್ತು ಇರುತ್ತದೆ. ಇವಕ್ಕೆ ಕಡಿಮೆ ಫ್ರೀಕ್ವೆನ್ಸಿಯ ನಿಧಾನ ಲಯ ಹೊಂದುತ್ತದೆ. ತೆಳು ಉಂಗುರ, ಸಣ್ಣ ಚಿನ್ನದ ತುಣುಕಿನಲ್ಲಿ ಅದು ತಕ್ಷಣ ಸತ್ತುಹೋಗುತ್ತದೆ. ಅಂಥವನ್ನು ಎಬ್ಬಿಸಲು ಬೇಗ ಬೇಗ ತಟ್ಟಬೇಕು, ಅಂದರೆ ಫ್ರೀಕ್ವೆನ್ಸಿ ಜಾಸ್ತಿ ಬೇಕು.

ಆಳದಲ್ಲಿ ಹುಡುಕಿ ಸಿಗುವ ವಸ್ತುಗಳು ಸಾಮಾನ್ಯವಾಗಿ ದೊಡ್ಡವೇ ಇರುತ್ತವೆ. ದೊಡ್ಡವಕ್ಕೆ ಕಡಿಮೆ ಫ್ರೀಕ್ವೆನ್ಸಿ ಒಗ್ಗುತ್ತದೆ. "ಕಡಿಮೆ ಫ್ರೀಕ್ವೆನ್ಸಿ ಆಳಕ್ಕೆ ಹೋಗುತ್ತೆ" ಎಂಬ ಮಾತಿನಲ್ಲಿರುವ ನಿಜ ಇಷ್ಟೇ.

ಹಂತ 1: ಹುಡುಕುತ್ತಿರುವುದು ಏನು ಎಂದು ಬರೆದಿಡಿ

ಸುಮ್ನೆ "ಲೋಹ" ಅಂತ ಬರೆದರೆ ಸಾಲದು. ಯಾವ ಲೋಹ, ಎಷ್ಟು ದೊಡ್ಡದು, ಗಟ್ಟಿಯೋ ತೆಳುವೋ, ಅಂದಾಜು ಎಷ್ಟು ಆಳ ಎಂದು ಬರೆಯಿರಿ.

ತಾಮ್ರದ ಪೈಪ್, ಹಿತ್ತಾಳೆ ವಾಲ್ವ್, ಬೆಳ್ಳಿ ಪಾತ್ರೆ, ದೊಡ್ಡ ತಾಮ್ರದ ನಾಣ್ಯ. ಇವಕ್ಕೆ 4ರಿಂದ 8 ಕಿಲೋಹರ್ಟ್ಸ್‌ನಲ್ಲಿ ಶುರು ಮಾಡಿ. ಏನಿದೆ ಎಂದು ಗೊತ್ತಿಲ್ಲದಿದ್ದರೆ, ಅಥವಾ ನಾನಾ ಬಗೆಯ ವಸ್ತು ಇರಬಹುದಾದರೆ, 10ರಿಂದ 15 ಒಳ್ಳೆ ನಡುದಾರಿ. ಒಂದೇ ಫ್ರೀಕ್ವೆನ್ಸಿಯ ಜನಪ್ರಿಯ ಮಶೀನ್‌ಗಳಲ್ಲಿ ಬಹಳಷ್ಟು ಈ ಸುತ್ತಿನಲ್ಲೇ ಇರುವುದು ಸುಮ್ಮನೆ ಅಲ್ಲ. ಗ್ಯಾರೆಟ್ ಎಟಿ ಪ್ರೊ 15 ಕಿಲೋಹರ್ಟ್ಸ್, ಫಿಶರ್ ಎಫ್75ರದ್ದು 13, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್‌ನದ್ದು 12. ಸಣ್ಣ ಚಿನ್ನದ ತುಣುಕು, ತೆಳು ಆಭರಣಕ್ಕೆ 20ರಿಂದ 40, ಕೆಲವೊಮ್ಮೆ ಇನ್ನೂ ಮೇಲೆ. ಮೈನ್‌ಲ್ಯಾಬ್‌ನ ಗೋಲ್ಡ್ ಮಾನ್‌ಸ್ಟರ್ 1000 ಓಡುವುದು 45ರಲ್ಲಿ, ಫಿಶರ್‌ನ ಗೋಲ್ಡ್ ಬಗ್ 2 ಓಡುವುದು 71ರಲ್ಲಿ. ಇವು ಸಾಸಿವೆಯಷ್ಟು ಸಣ್ಣ ಚಿನ್ನವನ್ನೂ ಹಿಡಿಯಲು ಮಾಡಿದವು, ಆಳಕ್ಕಲ್ಲ.

ಎರಡು ಕಡೆ ಬಹಳ ಜನ ಎಡವುತ್ತಾರೆ. ಒಂದು, ಚೈನು. ಚಿನ್ನದ ಚೈನು ಎಷ್ಟೇ ತೂಕ ಇರಲಿ, ಡಿಟೆಕ್ಟರ್ ಕಣ್ಣಿಗೆ ಅದು ಒಂದು ಗಟ್ಟಿ ಅಲ್ಲ. ಕೊಂಡಿ ಕೊಂಡಿಯೂ ಬೇರೆ ಬೇರೆಯೇ. ಸುಳಿ ಕರೆಂಟ್ ಒಂದೊಂದು ಕೊಂಡಿಯೊಳಗೇ ಸುತ್ತುತ್ತದೆ. ಹಾಗಾಗಿ ಭಾರದ ಚೈನೂ ಕಡಿಮೆ ಫ್ರೀಕ್ವೆನ್ಸಿಗೆ ಸಿಗದೆ ಹೋಗಬಹುದು. ಎರಡನೆಯದು, ಮಡಕೆಯಲ್ಲಿ ತುಂಬಿಟ್ಟ ನಾಣ್ಯಗಳು. ಇವೂ ಒಂದೇ ಲೋಹದ ಉಂಡೆಯಂತೆ ವರ್ತಿಸಲ್ಲ. ತುಕ್ಕು, ಕಿಲುಬು ಹಿಡಿದ ನಾಣ್ಯಗಳ ನಡುವೆ ಕರೆಂಟ್ ಸರಾಗ ದಾಟುವುದಿಲ್ಲ. ಆದ್ದರಿಂದ "ದೊಡ್ಡದು" ಎಂದು ಫ್ರೀಕ್ವೆನ್ಸಿಯನ್ನು ತೀರಾ ಕೆಳಗೆ ಎಳೆಯುವುದರಿಂದ ಲಾಭ ಇಲ್ಲ. ಒಂದು ನಾಣ್ಯಕ್ಕೆ ಯಾವುದು ಹೊಂದುತ್ತದೋ ಅದನ್ನೇ ಇಡಿ.

ಕಬ್ಬಿಣ ಹುಡುಕುವವರಿಗೆ, ಅಂದರೆ ಹೂತುಹೋದ ಚೇಂಬರ್ ಮುಚ್ಚಳ, ಟ್ಯಾಂಕ್, ಗಡಿ ಗುರುತಿಗೆ ನೆಟ್ಟ ಸರಳು ಇಂಥವಕ್ಕೆ, ಫ್ರೀಕ್ವೆನ್ಸಿಗಿಂತ ಮುಖ್ಯವಾದದ್ದು ಡಿಸ್ಕ್ರಿಮಿನೇಷನ್ ತೆಗೆದುಹಾಕುವುದು. ಕಬ್ಬಿಣ ಬೇಡ ಎಂದು ಮಶೀನಿಗೆ ಹೇಳಿಟ್ಟು ಕಬ್ಬಿಣ ಹುಡುಕಿದರೆ ಸಿಗುವುದು ಹೇಗೆ, ಅಲ್ವಾ? ಆಲ್ ಮೆಟಲ್ ಮೋಡ್ ಹಾಕಿ, ಕಡಿಮೆ ಅಥವಾ ನಡುವಿನ ಫ್ರೀಕ್ವೆನ್ಸಿ ಇಡಿ.

ಹಂತ 2: ಮಣ್ಣು ಪರೀಕ್ಷೆ ಮಾಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಒಂದು ಗಟ್ಟಿ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಒಣ ಮಣ್ಣಿನ ಮೇಲೆ ನಾಲ್ಕಾರು ಸಲ ಎಳೆಯಿರಿ. ಎತ್ತಿ ನೋಡಿ. ಕವರ್‌ಗೆ ಕಪ್ಪು ಪುಡಿ ಗಡ್ಡದ ಹಾಗೆ ಅಂಟಿಕೊಂಡಿದ್ದರೆ ಮಣ್ಣಿನಲ್ಲಿ ಕಬ್ಬಿಣದ ಖನಿಜ ಬಹಳ ಇದೆ. ಒಂದೆರಡು ಕಣ ಮಾತ್ರ ಅಂಟಿದ್ದರೆ ಮಣ್ಣು ಸೌಮ್ಯ. ಆಮೇಲೆ ಕವರ್ ತಿರುವಿ ಹಾಕಿದರೆ ಪುಡಿ ಉದುರುತ್ತದೆ, ಅಯಸ್ಕಾಂತ ಕೊಳೆಯಾಗಲ್ಲ.

ಖನಿಜ ಇರುವ ಮಣ್ಣು ತಾನೇ ಒಂದು ದೊಡ್ಡ ಸಿಗ್ನಲ್ ಕೊಡುತ್ತದೆ. ಆಳದ ವಸ್ತುವಿನ ಸಣ್ಣ ದನಿ ಅದರಡಿ ಮುಚ್ಚಿಹೋಗುತ್ತದೆ. ಇಂಥ ಕಡೆ ಆಳದ ದೊಡ್ಡ ವಸ್ತುವಿಗೆ ಕಡಿಮೆ ಫ್ರೀಕ್ವೆನ್ಸಿ ಅಥವಾ ಮಲ್ಟಿ ಫ್ರೀಕ್ವೆನ್ಸಿ (ಹಲವು ಫ್ರೀಕ್ವೆನ್ಸಿ ಒಟ್ಟಿಗೆ) ಇಡಿ. ಮಣ್ಣು ತೀರಾ ಕೆಟ್ಟದಿದ್ದರೆ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ಬಡಿದು ಕೇಳುವ) ಮಶೀನ್ ಬೇಕಾಗುತ್ತದೆ. ಉಪ್ಪು ನೀರಿನಲ್ಲಿ ತೊಯ್ದ ಮರಳು ಮತ್ತೊಂದು ಬಗೆ. ಅದು ಕರೆಂಟನ್ನೇ ಹರಿಸುತ್ತದೆ, ಹಾಗಾಗಿ ಫ್ರೀಕ್ವೆನ್ಸಿ ಏರಿದಷ್ಟೂ ಮರಳೇ ಕೂಗತೊಡಗುತ್ತದೆ. ಅಲ್ಲಿ ಒಂಟಿ 20, 40 ಕಿಲೋಹರ್ಟ್ಸ್ ಬೇಡವೇ ಬೇಡ.

ಹಂತ 3: ಕಾಯಿಲ್ ಆರಿಸಿ

ಆಳ ನಿಜವಾಗಿ ಬೇಕೆಂದರೆ ಇಲ್ಲಿ ಯೋಚಿಸಿ. ದೊಡ್ಡ ಕಾಯಿಲ್‌ನ ಕ್ಷೇತ್ರ ಕೆಳಕ್ಕೆ ಹೆಚ್ಚು ದೂರ ಗಟ್ಟಿಯಾಗಿ ಇರುತ್ತದೆ. 11 ಇಂಚಿನಿಂದ 15 ಇಂಚಿಗೆ ಹೋದರೆ ದೊಡ್ಡ ವಸ್ತುಗಳ ವಿಷಯದಲ್ಲಿ ಫರಕು ಕಿವಿಗೇ ಗೊತ್ತಾಗುತ್ತದೆ. ಇದಕ್ಕೆ ಬೆಲೆಯೂ ತೆರಬೇಕು. ತೂಕ ಜಾಸ್ತಿ. ಸಣ್ಣ ವಸ್ತು ತಪ್ಪಿಹೋಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಮಣ್ಣು ಕಾಣುವುದರಿಂದ ಮಣ್ಣಿನ ಗದ್ದಲವೂ ಜಾಸ್ತಿ. ಖನಿಜ ಹೆಚ್ಚಿರುವ ಮಣ್ಣಿನಲ್ಲಿ ಕಾನ್ಸೆಂಟ್ರಿಕ್ (ಒಂದರೊಳಗೊಂದು ಉಂಗುರದಂಥ ಸುರುಳಿ) ಬದಲು ಡಬಲ್ ಡಿ (D ಆಕಾರದ ಎರಡು ಸುರುಳಿ) ಕಾಯಿಲ್ ಉತ್ತಮ.

ನೀವು ಆರಿಸುವ ಫ್ರೀಕ್ವೆನ್ಸಿಯನ್ನು ಆ ಕಾಯಿಲ್ ಕೊಡುತ್ತದೆಯೇ ಎಂದೂ ನೋಡಿ. ಕೆಲವು ಮಶೀನ್‌ಗಳಲ್ಲಿ ಕಾಯಿಲ್ ಬದಲಿಸಿದರೆ ಸಿಗುವ ಫ್ರೀಕ್ವೆನ್ಸಿಗಳೇ ಬದಲಾಗುತ್ತವೆ.

ಹಂತ 4: ಗದ್ದಲ ಅಳೆಯಿರಿ

ಮಶೀನ್ ಆನ್ ಮಾಡಿ, ಕಾಯಿಲನ್ನು ನೆಲದಿಂದ ಸೊಂಟದ ಎತ್ತರಕ್ಕೆ ಹಿಡಿದು ಅಲುಗಾಡದೆ ನಿಲ್ಲಿ. ಆಗಲೂ ಚಿಟಪಟ ಸದ್ದು ಬಂದರೆ ಅದು ಮಣ್ಣಿನದ್ದಲ್ಲ. ವಿದ್ಯುತ್ ತಂತಿ, ಮೋಟಾರು, ಮೊಬೈಲು, ಪಕ್ಕದಲ್ಲಿ ಮತ್ತೊಬ್ಬರು ಓಡಿಸುವ ಡಿಟೆಕ್ಟರು, ಯಾವುದಾದರೂ ಇರಬಹುದು. ಜೇಬಿನ ಮೊಬೈಲನ್ನು ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ. ಆಮೇಲೆ ಒಂದೊಂದೇ ಫ್ರೀಕ್ವೆನ್ಸಿ ಬದಲಿಸಿ, ಪ್ರತಿಯೊಂದರಲ್ಲೂ ಅರ್ಧ ನಿಮಿಷ ಸುಮ್ಮನೆ ಕೇಳಿ. ನಾಯ್ಸ್ ಕ್ಯಾನ್ಸಲ್ (ಹೊರಗಿನ ವಿದ್ಯುತ್ ಗದ್ದಲ ತಗ್ಗಿಸುವ ಸೆಟ್ಟಿಂಗ್) ಇದ್ದರೆ ಪ್ರತಿ ಫ್ರೀಕ್ವೆನ್ಸಿಗೂ ಮತ್ತೆ ಮಾಡಿ.

ಲೆಕ್ಕದ ಪ್ರಕಾರ 5 ಸರಿ, ಆದರೆ 5ರಲ್ಲಿ ಗಲಾಟೆ, 10ರಲ್ಲಿ ನಿಶ್ಶಬ್ದ ಎಂದಿಟ್ಟುಕೊಳ್ಳಿ. ನಾನು ಕಣ್ಣು ಮುಚ್ಚಿಕೊಂಡು 10 ಆರಿಸುತ್ತೇನೆ. 5ರ ಗಲಾಟೆಯನ್ನು ಅಡಗಿಸಲು ಸೆನ್ಸಿಟಿವಿಟಿ (ಮಂಕು ಸಿಗ್ನಲ್‌ಗೂ ಮಶೀನ್ ಎಷ್ಟು ಕಿವಿಗೊಡುತ್ತದೆ ಎನ್ನುವ ಮಟ್ಟ) ಅರ್ಧಕ್ಕೆ ಇಳಿಸಬೇಕಾಗುತ್ತದೆ. ಅಲ್ಲಿ ಕಳೆದುಕೊಳ್ಳುವ ಆಳ, 5ರಿಂದ ಸಿಗಬಹುದಾಗಿದ್ದ ಲಾಭಕ್ಕಿಂತ ಎಷ್ಟೋ ಜಾಸ್ತಿ.

1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೈಯೊಳಗೆ ಉಳಿದಿದ್ದ ಗುಂಡನ್ನು ಹುಡುಕಲು ಇಂಥದ್ದೇ ಉಪಕರಣ ತಂದಿದ್ದರು. ಪರೀಕ್ಷೆಗಳಲ್ಲಿ ಅದು ಕೆಲಸ ಮಾಡಿತ್ತು. ರೋಗಿಯ ಹತ್ತಿರ ಮಾತ್ರ ಸೋತಿತು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗ್‌ಗಳು ಅದನ್ನು ಗಲಿಬಿಲಿಗೊಳಿಸಿದವು ಎಂದು ಹೇಳುತ್ತಾರೆ. ಉಪಕರಣ ಎಷ್ಟೇ ಚೆನ್ನಾಗಿರಲಿ, ಸುತ್ತಲಿನದ್ದನ್ನು ನೋಡಿಕೊಳ್ಳದಿದ್ದರೆ ಇಂದಿಗೂ ಅದೇ ಕಥೆ. ಹಾಗಾಗಿ ಕಬ್ಬಿಣದ ತುದಿ ಇರುವ ಬೂಟು, ಸೊಂಟದ ಸಲಿಕೆ, ಕೈಯ ದೊಡ್ಡ ಗಡಿಯಾರ ಎಲ್ಲವನ್ನೂ ಕಾಯಿಲ್‌ನಿಂದ ದೂರ ಇಡಿ.

ಹಂತ 5: ಪರೀಕ್ಷಾ ಪೈಪ್ ಮಾಡಿಕೊಳ್ಳಿ

ಫ್ರೀಕ್ವೆನ್ಸಿ ಕಲಿಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಗಾಳಿಯಲ್ಲಿ ನಾಣ್ಯ ಬೀಸಿ ನೋಡುವ ಪರೀಕ್ಷೆಯಲ್ಲಿ ಮಣ್ಣಿನ ಪಾತ್ರವೇ ಇರಲ್ಲ. ಗುಂಡಿ ತೋಡಿ ಹೂತು ನೋಡಿದರೆ ಮಣ್ಣು ಕದಡಿರುತ್ತದೆ.

ಅದಕ್ಕೆ ಹೀಗೆ ಮಾಡಿ. ಸುಮಾರು ಒಂದೂವರೆ ಮೀಟರ್ ಉದ್ದದ ಪಿವಿಸಿ ಪೈಪ್ ತಗೊಳ್ಳಿ. ಅದರ ಹೊರಗಿನ ಅಗಲದಷ್ಟಕ್ಕೇ ನೆಲವನ್ನು ಓರೆಯಾಗಿ ಕೊರೆದು, ನೆಲಕ್ಕೆ 30 ಡಿಗ್ರಿ ಕೋನದಲ್ಲಿ ಪೈಪ್ ಇಳಿಸಿ. ಒಂದು ಮರದ ಕೋಲಿಗೆ 10 ಸೆಂಟಿಮೀಟರ್‌ಗೊಂದು ಗುರುತು ಹಾಕಿ. ಹುಡುಕಬೇಕಾದ ವಸ್ತುವಿನಂಥದ್ದನ್ನೇ, ಉದಾಹರಣೆಗೆ ಒಂದು ತಾಮ್ರದ ಪೈಪ್ ತುಂಡನ್ನು, ಕೋಲಿನ ತುದಿಗೆ ಕಟ್ಟಿ ಒಳಗೆ ತಳ್ಳಿ. 30 ಡಿಗ್ರಿ ಆದ್ದರಿಂದ ಲೆಕ್ಕ ಸುಲಭ. ತಳ್ಳಿದ ಉದ್ದದ ಅರ್ಧದಷ್ಟು ಆಳ. 60 ಸೆಂಟಿಮೀಟರ್ ತಳ್ಳಿದರೆ ವಸ್ತು 30ರಲ್ಲಿದೆ. ಅದರ ಮೇಲಿನ ಮಣ್ಣು ಕದಡದೆ ಹಾಗೇ ಇದೆ.

ಈಗ ಆ ಜಾಗದ ಮೇಲೆ ಕಾಯಿಲ್ ಆಡಿಸಿ. ಸದ್ದು ಸ್ಪಷ್ಟವಾಗಿದ್ದರೆ ಇನ್ನೂ 10 ತಳ್ಳಿ. ಸದ್ದು ಮುರಿಯುವ ತನಕ ಹೋಗಿ. ಆಮೇಲೆ ಫ್ರೀಕ್ವೆನ್ಸಿ ಬದಲಿಸಿ ಅದೇ ಆಳದಲ್ಲಿ ಮತ್ತೆ ಕೇಳಿ. ಪ್ರತಿಯೊಂದಕ್ಕೂ ಕೊನೆಯ ಸ್ಪಷ್ಟ ಆಳವನ್ನು ಬರೆದಿಡಿ. ಒಂದು ಗಂಟೆಯ ಈ ಕೆಲಸ, ನಿಮ್ಮ ಮಶೀನ್, ನಿಮ್ಮ ಮಣ್ಣು, ನಿಮ್ಮ ಕಿವಿ ಮೂರಕ್ಕೂ ಸೇರಿ ಸರಿಯಾದ ಉತ್ತರ ಕೊಡುತ್ತದೆ. ಬೇರೆಯವರ ನಂಬರ್‌ಗಳು ಬೇರೆಯವರ ಮಣ್ಣಿನವು.

ಹಂತ 6: ಸೆಟ್ಟಿಂಗ್ ಹಾಕುವ ಕ್ರಮ

ಕ್ರಮ ತಪ್ಪಿದರೆ ಎಲ್ಲ ಕೆಡುತ್ತದೆ. ಮೊದಲು ಫ್ರೀಕ್ವೆನ್ಸಿ. ಆಮೇಲೆ ನಾಯ್ಸ್ ಕ್ಯಾನ್ಸಲ್. ಆಮೇಲೆ ಲೋಹ ಇಲ್ಲದ ಜಾಗ ಹುಡುಕಿ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಸಿಗ್ನಲ್ ಲೆಕ್ಕಕ್ಕೆ ಬಾರದಂತೆ ಹೊಂದಿಸುವುದು. ಆಮೇಲೆ ಸೆನ್ಸಿಟಿವಿಟಿ. ಕೊನೆಗೆ ಡಿಸ್ಕ್ರಿಮಿನೇಷನ್, ಅದೂ ಎಷ್ಟು ಕಡಿಮೆ ಆಗುತ್ತದೋ ಅಷ್ಟು.

ಫ್ರೀಕ್ವೆನ್ಸಿ ಬದಲಿಸಿದ ಪ್ರತಿ ಸಲವೂ ಗ್ರೌಂಡ್ ಬ್ಯಾಲೆನ್ಸ್ ಮತ್ತೆ ಮಾಡಲೇಬೇಕು. ಒಂದೇ ಮಣ್ಣು 5ರಲ್ಲಿ ಒಂದು ರೀತಿ, 15ರಲ್ಲಿ ಒಂದು ರೀತಿ ಕಾಣುತ್ತದೆ. ನಾನು ಒಮ್ಮೆ ಹೂತ ಚೇಂಬರ್ ಮುಚ್ಚಳ ಹುಡುಕುವಾಗ ಅವಸರದಲ್ಲಿ ಫ್ರೀಕ್ವೆನ್ಸಿ ಮಾತ್ರ ಬದಲಿಸಿ ಮುಂದೆ ಹೋದೆ. ಕಾಯಿಲ್ ಸ್ವಲ್ಪ ಏರಿಳಿದರೂ ಸದ್ದು. ಮುಚ್ಚಳ ಇದ್ದ ಜಾಗವನ್ನೇ ಎರಡು ಸಲ ದಾಟಿ ಹೋಗಿದ್ದೆ. ವಾಪಸ್ ಬಂದು ಬ್ಯಾಲೆನ್ಸ್ ಮಾಡಿದ ಮೇಲೆ ಅದೇ ಜಾಗದಲ್ಲಿ ತುಂಬು ದನಿ ಬಂತು.

ಸೆನ್ಸಿಟಿವಿಟಿಯನ್ನು ಕೊನೆವರೆಗೂ ಏರಿಸುವ ಆಸೆ ಬೇಡ. ಮಶೀನ್ ತಾನಾಗಿ ಕಿರುಚಲು ಶುರುವಾಗುವ ತನಕ ಏರಿಸಿ, ಅಲ್ಲಿಂದ ಒಂದೆರಡು ಮೆಟ್ಟಿಲು ಇಳಿಸಿ. ರಿಕವರಿ ಸ್ಪೀಡ್ (ಒಂದು ಸಿಗ್ನಲ್ ಆದ ಮೇಲೆ ಮುಂದಿನದಕ್ಕೆ ಸಿದ್ಧವಾಗುವ ವೇಗ) ಇದ್ದರೆ ನಿಧಾನಕ್ಕೆ ಇಡಿ, ಕೈಯನ್ನೂ ನಿಧಾನ ಮಾಡಿ. ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ ಇರಲಿ. ಐದು ಸೆಂಟಿಮೀಟರ್ ಎತ್ತಿ ಹಿಡಿದರೆ ಕೆಳಗಿನ ಐದು ಸೆಂಟಿಮೀಟರ್ ಹೋಯಿತು.

ಟಾರ್ಗೆಟ್ ಐಡಿ (ವಸ್ತು ಯಾವುದಿರಬಹುದೆಂದು ಪರದೆ ತೋರಿಸುವ ನಂಬರ್) ಬಗ್ಗೆಯೂ ಒಂದು ಎಚ್ಚರ. ಬಹಳಷ್ಟು ಮಶೀನ್‌ಗಳಲ್ಲಿ ಒಂದೇ ವಸ್ತುವಿನ ನಂಬರ್ ಫ್ರೀಕ್ವೆನ್ಸಿಗೆ ತಕ್ಕಂತೆ ಜಾರುತ್ತದೆ. 5ರಲ್ಲಿ ಕಲಿತ ನಂಬರ್ 15ರಲ್ಲಿ ಹೊಂದದೆ ಇರಬಹುದು. ಆಳ ಜಾಸ್ತಿ ಆದಷ್ಟೂ ನಂಬರ್ ನಂಬುವಂತಿಲ್ಲ, ಒಳ್ಳೆ ಲೋಹವೂ ಕಬ್ಬಿಣದ ಕಡೆ ವಾಲುತ್ತದೆ. ಆಳದಲ್ಲಿ ಕಿವಿಯನ್ನು ನಂಬಿ.

ಹಂತ 7: ಮಂಕು ಸಿಗ್ನಲ್ ಸಿಕ್ಕಾಗ

ತಕ್ಷಣ ಸಲಿಕೆ ಹಾಕಬೇಡಿ. ಮೊದಲು ಉತ್ತರ ದಕ್ಷಿಣ ಆಡಿಸಿ, ಆಮೇಲೆ ಪೂರ್ವ ಪಶ್ಚಿಮ. ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ದನಿ ಬಂದರೆ ಒಳ್ಳೆ ಲಕ್ಷಣ. ಒಂದು ಕಡೆಯಿಂದ ಮಾತ್ರ ಬಂದರೆ ಮೊಳೆ ಇರಬಹುದು. ಒಂದು ದಿಕ್ಕಿನಲ್ಲಿ ಉದ್ದಕ್ಕೆ ಹೋಗುತ್ತಲೇ ಇದ್ದರೆ ಅದು ಪೈಪ್ ಅಥವಾ ಕೇಬಲ್.

ಈಗ ಕಾಯಿಲನ್ನು ನಿಧಾನವಾಗಿ ಮೇಲೆತ್ತಿ. ಐದಾರು ಸೆಂಟಿಮೀಟರ್‌ಗೇ ದನಿ ಸತ್ತರೆ ಅದು ಮೇಲಿರುವ ಸಣ್ಣ ವಸ್ತು, ಇಲ್ಲವೇ ಆಳದ ಸಣ್ಣ ವಸ್ತು. 20, 30 ಸೆಂಟಿಮೀಟರ್ ಎತ್ತಿದರೂ ದನಿ ಬರುತ್ತಿದ್ದರೆ ಕೆಳಗೆ ದೊಡ್ಡದು ಇದೆ. ಪರದೆಯ ಆಳದ ಸೂಚಿ ನಾಣ್ಯದ ಗಾತ್ರಕ್ಕೆ ಲೆಕ್ಕ ಹಾಕಿ ಮಾಡಿದ್ದು. ದೊಡ್ಡ ಟ್ಯಾಂಕ್ ಒಂದು ಮೀಟರ್ ಕೆಳಗಿದ್ದರೂ ಅದು "20 ಸೆಂಟಿಮೀಟರ್" ಎಂದು ತೋರಿಸಬಹುದು.

ಆಮೇಲೆ ಫ್ರೀಕ್ವೆನ್ಸಿ ಬದಲಿಸಿ ಕೇಳಿ. ಇಳಿಸಿದಾಗ ದನಿ ಗಟ್ಟಿಯಾದರೆ ದಪ್ಪ ತಾಮ್ರ, ಹಿತ್ತಾಳೆ, ಬೆಳ್ಳಿಯ ಕಡೆ ಬೊಟ್ಟು ಮಾಡುತ್ತಿದೆ. ಏರಿಸಿದಾಗ ಗಟ್ಟಿಯಾದರೆ ಸಣ್ಣದು, ತೆಳ್ಳಗಿನದು, ಅಥವಾ ಬರೀ ತಗಡಿನ ಚೂರು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ದನಿ ಬಂದರೆ ಅಗೆಯಿರಿ. ಒಂದರಲ್ಲಿ ಮಾತ್ರ ಬಂದು, ಉಳಿದವುಗಳಲ್ಲಿ ಜಾಗ ಅಲ್ಲಿ ಇಲ್ಲಿ ಸರಿಯುತ್ತಿದ್ದರೆ ಕಬ್ಬಿಣದ ಖನಿಜ ಇರುವ ಕಲ್ಲು ಅಥವಾ ತುಕ್ಕು ಕಬ್ಬಿಣ ಇರಬಹುದು.

ಮಲ್ಟಿ ಫ್ರೀಕ್ವೆನ್ಸಿ ಇದ್ದರೆ?

ಎರಡು ಬಗೆ ಇವೆ, ಕೊಳ್ಳುವಾಗ ನೋಡಿಕೊಳ್ಳಿ. ಕೆಲವು ಮಶೀನ್‌ನಲ್ಲಿ ಹಲವು ಫ್ರೀಕ್ವೆನ್ಸಿ ಇದ್ದರೂ ಒಂದು ಸಲಕ್ಕೆ ಒಂದೇ. ಎಕ್ಸ್‌ಪಿ ಡಿಯುಸ್‌ನ ಮೊದಲ ಮಾದರಿ 4, 8, 12, 18ರಲ್ಲಿ ಒಂದನ್ನು ಆರಿಸಲು ಬಿಡುತ್ತಿತ್ತು. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಹಾಗೂ ನೋಕ್ಟಾ ಲೆಜೆಂಡ್ ಹಲವನ್ನು ಒಟ್ಟಿಗೇ ಕಳಿಸಿ ಹೋಲಿಸಿ ನೋಡುತ್ತವೆ. ಬೇಕೆಂದರೆ ಒಂಟಿಯಾಗಿಯೂ ಓಡುತ್ತವೆ. ಹೋಲಿಕೆಯಿಂದ ಮಣ್ಣಿನ ಸಿಗ್ನಲ್ ಬೇರೆ, ಲೋಹದ ಸಿಗ್ನಲ್ ಬೇರೆ ಎಂದು ಬಿಡಿಸುವುದು ಸುಲಭ. ಕೆಟ್ಟ ಮಣ್ಣಿನಲ್ಲಿ, ಒದ್ದೆ ಉಪ್ಪು ಮರಳಿನಲ್ಲಿ ನನ್ನ ಮೊದಲ ಆಯ್ಕೆ ಮಲ್ಟಿಯೇ. ವಿದ್ಯುತ್ ಗದ್ದಲ ವಿಪರೀತ ಇದ್ದಾಗ ಮಾತ್ರ ಶಾಂತವಾದ ಒಂಟಿ ಫ್ರೀಕ್ವೆನ್ಸಿಗೆ ಇಳಿಯುತ್ತೇನೆ.

ಮಾಮೂಲಿ ಮಶೀನ್ ಸಾಲದಾದಾಗ

ಒಂದು ಮೀಟರ್ ಕೆಳಗಿನ ಪೆಟ್ಟಿಗೆಗೆ ಫ್ರೀಕ್ವೆನ್ಸಿ ಬಟನ್ ಒತ್ತುತ್ತಾ ಕೂರುವುದು ವ್ಯರ್ಥ. ಮಶೀನನ್ನೇ ಬದಲಿಸಬೇಕು. ಎರಡು ಪೆಟ್ಟಿಗೆಯ ಡಿಟೆಕ್ಟರ್‌ನಲ್ಲಿ ಕಳಿಸುವ ಕಾಯಿಲ್ ಉದ್ದ ಕೋಲಿನ ಒಂದು ತುದಿಗೆ, ಕೇಳುವುದು ಇನ್ನೊಂದು ತುದಿಗೆ ಇರುತ್ತವೆ. ನಾಣ್ಯ, ಮೊಳೆಗಳು ಇದಕ್ಕೆ ಕಾಣುವುದೇ ಇಲ್ಲ, ದೊಡ್ಡದು ಮಾತ್ರ ಕಾಣುತ್ತದೆ. ಇಲ್ಲೇ ಒಂದು ಸ್ವಾರಸ್ಯ ನೋಡಿ. ಈ ಬಗೆಯ ಫಿಶರ್ ಜೆಮಿನಿ 3 ಓಡುವುದು ಸುಮಾರು 82 ಕಿಲೋಹರ್ಟ್ಸ್‌ನಲ್ಲಿ! ಕಡಿಮೆ ಫ್ರೀಕ್ವೆನ್ಸಿಯೇ ಆಳ ಎನ್ನುವುದು ಪೂರ್ತಿ ನಿಜವಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಪಲ್ಸ್ ಇಂಡಕ್ಷನ್ ಮಶೀನ್‌ಗೆ ಒಂದೇ ಫ್ರೀಕ್ವೆನ್ಸಿ ಎಂಬುದು ಇಲ್ಲ. ಅದು ಬಡಿದು ನಿಲ್ಲಿಸಿ, ಆಮೇಲೆ ಉಳಿದ ದನಿ ಕೇಳುತ್ತದೆ. ಅಲ್ಲಿ ಆರಿಸಬೇಕಾದದ್ದು ಪಲ್ಸ್ ಡಿಲೇ, ಅಂದರೆ ಬಡಿದು ನಿಲ್ಲಿಸಿದ ಮೇಲೆ ಕೇಳಲು ಶುರು ಮಾಡುವ ತನಕದ ಹೊತ್ತು. ಸಣ್ಣ ಚಿನ್ನಕ್ಕೆ ಡಿಲೇ ಕಡಿಮೆ, ದೊಡ್ಡ ವಸ್ತುವಿಗೆ ಜಾಸ್ತಿ ಇಟ್ಟರೂ ನಡೆಯುತ್ತದೆ. ಒಂದು ಮೀಟರ್ ಚೌಕದ ಫ್ರೇಮ್ ಕಾಯಿಲ್ ಹಾಕಿದರೆ ಮೇಲಿನ ಚಿಲ್ಲರೆ ಕಸ ಬಹುಪಾಲು ಬಿಟ್ಟುಹೋಗುತ್ತದೆ. ಕಬ್ಬಿಣ ಯಾವುದು, ಬೇರೆ ಯಾವುದು ಎಂದು ಬಿಡಿಸುವುದರಲ್ಲಿ ಮಾತ್ರ ಇದು ಹಿಂದೆ.

ಭೂಮಿಯೊಳಗಿನ ಪೈಪ್, ಕೇಬಲ್‌ನ ಜಾಡು ಹಿಡಿಯಬೇಕಿದ್ದರೆ ಪೈಪ್ ಲೊಕೇಟರ್ ಎಂಬ ಬೇರೆ ಉಪಕರಣವೇ ಇದೆ. ಪೈಪಿಗೇ 8 ಅಥವಾ 33 ಕಿಲೋಹರ್ಟ್ಸ್ ಸಿಗ್ನಲ್ ಹರಿಸಿ ಮೇಲಿನಿಂದ ಹಿಂಬಾಲಿಸುವುದು ಅದರ ಕೆಲಸ.

ಹಂತ 8: ಅಗೆಯುವ ಮುನ್ನ, ಅಗೆದ ಮೇಲೆ

ಜಾಗದ ಮಾಲೀಕರ ಒಪ್ಪಿಗೆ ಪಡೆಯಿರಿ. ಹಳೇ ವಸ್ತುಗಳ ಬಗ್ಗೆ ಆಯಾ ದೇಶದ ಕಾನೂನು ಏನು ಹೇಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಬಹಳ ಕಡೆ ಅನುಮತಿ ಇಲ್ಲದೆ ಹುಡುಕುವುದೇ ಅಪರಾಧ. ಕರೆಂಟ್, ಗ್ಯಾಸ್ ಲೈನ್ ಇದೆಯೇ ಎಂದು ಸಂಬಂಧಪಟ್ಟವರಲ್ಲಿ ಕೇಳದೆ ಸಲಿಕೆ ಇಳಿಸಬೇಡಿ. ಯುದ್ಧ ನಡೆದ ಅಥವಾ ಸೇನೆಯ ಅಭ್ಯಾಸ ನಡೆದ ಜಾಗದಲ್ಲಿ ಆಳದ ದೊಡ್ಡ ಕಬ್ಬಿಣದ ಸಿಗ್ನಲ್ ಬಂದರೆ ಮುಟ್ಟಬೇಡಿ, ದೂರ ಸರಿದು ಪೊಲೀಸರಿಗೆ ತಿಳಿಸಿ. ಒಂದು ಮೀಟರ್ ದಾಟಿದ ಗುಂಡಿಗೆ ಒಬ್ಬರೇ ಇಳಿಯಬಾರದು. ಗೋಡೆ ಕುಸಿಯಲು ಸದ್ದೂ ಬೇಕಿಲ್ಲ.

ವಸ್ತು ಮೇಲೆ ಬಂದ ಮೇಲೆ ಖಾಲಿ ಗುಂಡಿಯ ತಳಕ್ಕೆ ಕಾಯಿಲ್ ಇಳಿಸಿ ಮತ್ತೊಮ್ಮೆ ಕೇಳಿ. ಗುಂಡಿಗೆ ಹಿಡಿಸದಿದ್ದರೆ ಸಣ್ಣ ಕಾಯಿಲ್ ಹಾಕಿಕೊಳ್ಳಿ. ಮೊದಲು ಇಟ್ಟಿದ್ದ ಫ್ರೀಕ್ವೆನ್ಸಿಯಲ್ಲಿ ಒಮ್ಮೆ, ಅದಕ್ಕಿಂತ ಮೇಲಿನದರಲ್ಲಿ ಇನ್ನೊಮ್ಮೆ. ದೊಡ್ಡದರ ದನಿಯಡಿ ಸಣ್ಣದು ಮುಚ್ಚಿಹೋಗಿರುವುದು ಬಹಳ ಸಲ ಆಗುತ್ತದೆ. ತೆಗೆದ ಮಣ್ಣಿನ ಗುಡ್ಡೆಯ ಮೇಲೂ ಒಂದು ಸಲ ಆಡಿಸಿ. ಎರಡೂ ನಿಶ್ಶಬ್ದ ಇದ್ದರೆ ಯಾವ ಫ್ರೀಕ್ವೆನ್ಸಿ, ಎಷ್ಟು ಆಳ, ಏನು ಸಿಕ್ಕಿತು ಎಂದು ಪುಸ್ತಕದಲ್ಲಿ ಬರೆದುಕೊಂಡು ಗುಂಡಿ ಮುಚ್ಚಿ.